ಟೀ ಮೇಸ್ತ್ರಿ ಮಾಡಿದ ಕಾಫಿಪಾಟು

ಬಹಳ ಹಿಂದೆ, ಮಗಳು ಕೆಲಸದ ಮೇಜಿನ ಕೆಳಗೆ ತಲೆ ತಗುಲದೆ ನಿಲ್ಲುವಷ್ಟು ಚಿಕ್ಕವಳಿದ್ದಾಗ, ಮೇಸ್ತ್ರಿ ಅವಳಿಗೊಂದು ಮಾತು ಕೊಟ್ಟಿದ್ದ.

ಪಿಂಗಾಣಿ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಮುಚ್ಚಳ, ಹಿಡಿ ಮುರಿದ ಬಟ್ಟಲು ಇವೇ ಆಗ ಅವಳ ಆಟದ ಸಾಮಾನು. ಮೇಜಿನ ಕೆಳಗೆ ಅಂಗಡಿ ಹೂಡಿಕೊಂಡು, ಅಪ್ಪನ ಕೈಗೆ ಖಾಲಿ ಬಟ್ಟಲು ಕೊಟ್ಟು, "ಸಕ್ಕರೆ ಸಾಕಾ ಯಜಮಾನ್ರೇ?" ಎಂದು ವಿಚಾರಿಸುತ್ತಿದ್ದಳು. ಒಂದು ದಿನ ಮೇಸ್ತ್ರಿ ಬಟ್ಟಲಲ್ಲಿದ್ದ ಗಾಳಿಯನ್ನು ಸೊರ್ರನೆ ಹೀರಿ, ಮೀಸೆ ಒರೆಸಿಕೊಂಡು, ಹೇಳಿಯೇಬಿಟ್ಟ: "ನೀನು ದೊಡ್ಡವಳಾಗಿ ನಿಜವಾದ ಅಂಗಡಿ ಇಡು ಪುಟ್ಟಿ. ಬೇರೆಯವರು ಮಾಡಿದ ಒಂದೇ ಒಂದು ಪಾಟೂ ನಿನ್ನ ಹೊಸ್ತಿಲು ದಾಟಬಾರದು. ಎಲ್ಲಾ ನಾನೇ ಮಾಡ್ಕೊಡ್ತೀನಿ. ಇದು ನನ್ನ ಮಾತು."

ಮಕ್ಕಳಿಗೆ ಮಾತು ಕೊಡುವಾಗ ದೊಡ್ಡವರ ನಾಲಿಗೆಗೆ ಎಲುಬಿರುವುದಿಲ್ಲ. ಇವಳು ಮುಂದೆ ಡಾಕ್ಟರೋ ಟೀಚರೋ ಆಗುತ್ತಾಳೆ, ಆಗ ಅಂಗಡಿಯೂ ಇಲ್ಲ, ಪಾಟೂ ಇಲ್ಲ ಎಂಬುದು ಅವನ ಒಳಲೆಕ್ಕ. ಮಗಳು ಡಾಕ್ಟರೂ ಆಗಲಿಲ್ಲ, ಟೀಚರೂ ಆಗಲಿಲ್ಲ. ಬೇರೆಯವರ ಹೋಟೆಲಿನ ಕೌಂಟರಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡು, ಕೊನೆಗೊಂದು ದಿನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಅಪ್ಪಾ, ಬಸ್ ಡಿಪೋ ಎದುರಿಗೆ ಅಂಗಡಿ ಹಿಡಿದೆ. ಟೀ, ಕಾಫಿ ಎರಡೇ. ಗ್ಲಾಸಲ್ಲಿ ಕೊಡಲ್ಲ. ಟೇಬಲ್ಲಿಗೊಂದು ಪಾಟು ಇಡ್ತೀನಿ, ಅವರವರೇ ಬಗ್ಗಿಸ್ಕೊಂಡು ನಿಧಾನಕ್ಕೆ ಕುಡೀಲಿ. ಮಾತು ನೆನಪಿದೆಯಲ್ಲ?"

"ಯಾವ ಮಾತು?" ಎಂದು ಕೇಳುವುದಕ್ಕೆ ಮೇಸ್ತ್ರಿ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತದ್ದನ್ನು ಕಂಡು ಬಾಯಿಯನ್ನು ಬೇರೆ ಕೆಲಸಕ್ಕೆ ಹಚ್ಚಿದ. "ನೆನಪಿರದೆ ಏನು? ಟೀಪಾಟು ಅಂದ್ರೆ ನನಗೆ ಎಡಗೈ ಕೆಲಸ. ಕಾಫಿಪಾಟು ಅದೇನು ಮಹಾ? ಟೀಪಾಟನ್ನ ಕಿವಿ ಹಿಡಿದು ಮೇಲಕ್ಕೆಳೆದ್ರೆ ಅದೇ ಕಾಫಿಪಾಟು."

"ನೋಡಿ," ಎಂದಳು ಹೆಂಡತಿ. "ಮದುವೆ ಆದಾಗಿಂದ ಸಮುದ್ರ ತೋರಿಸ್ತೀನಿ ಅಂತಿದ್ದೀರಿ. ಇವತ್ತಿನವರೆಗೆ ನಾನು ನೋಡಿರೋ ಸಮುದ್ರ ಅಂದ್ರೆ ನಿಮ್ಮ ಕಾರ್ಖಾನೆ ಬೇಡ ಅಂದ ಪಾಟು ಸೋರಿದ ನಮ್ಮ ಅಡುಗೆಮನೆ ಕಟ್ಟೆ. ನಲ್ಲಿ ರಿಪೇರಿ ಮಾಡ್ತೀನಿ ಅಂದಿರಿ, ಅದಿನ್ನೂ ತೊಟ್ಟಿಕ್ತಾ ಇದೆ. ನನಗೆ ಕೊಟ್ಟ ಮಾತುಗಳನ್ನೆಲ್ಲ ಭಟ್ಟಿಗೆ ಹಾಕಿದ್ದಾಯ್ತು. ಅವಳದ್ದೊಂದಾದ್ರೂ ಉಳಿಸಿ."

ಮೇಸ್ತ್ರಿ ನಗುತ್ತ ಮೀಸೆ ತಿರುವಿದ. ಒಳಗೆ ಮಾತ್ರ ಚುಚ್ಚಿತು. ಯಾಕೆಂದರೆ ಅದು ನಿಜ. ಅವನು ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ಇನ್ನೂ ಮುರಿಯದೆ ಉಳಿದದ್ದು ಅದೊಂದೇ. ಅದೂ ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ ಎಂಬ ಕಾರಣಕ್ಕೆ. ಮಗಳೋ ಹೋದಲ್ಲಿ ಬಂದಲ್ಲಿ ಅದನ್ನು ಹೇಳಿಕೊಂಡೇ ಬೆಳೆದಿದ್ದಳು. ಶಾಲೆಯ ಗೆಳತಿಯರಿಗೆ ಗೊತ್ತಿತ್ತು, ಹೋಟೆಲಿನ ಅಡುಗೆಯವರಿಗೆ ಗೊತ್ತಿತ್ತು, ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕನಿಗೂ ಆಗಲೇ ಗೊತ್ತಾಗಿತ್ತು: ನಮ್ಮಪ್ಪನೇ ಎಲ್ಲಾ ಪಾಟು ಮಾಡಿಕೊಡ್ತಾರೆ.

ಕಾರ್ಖಾನೆಯಲ್ಲಿ ಅವನನ್ನು ಟೀ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೈಗೆ ಮಣ್ಣು ಹತ್ತಿದಾಗಿನಿಂದ ಅವನು ಮಾಡಿದ್ದೆಲ್ಲ ಟೀಪಾಟು. ಅದರ ಬಗ್ಗೆ ಮಾತು ತೆಗೆದರೆ ಎದುರಿಗಿದ್ದವರು ಗೋಡೆಯ ಗಡಿಯಾರ ನೋಡುವಂತಾಗುತ್ತಿತ್ತು. ಪಾಟಿಗೆ ಹೊಟ್ಟೆ ಯಾಕೆ ದುಂಡಗಿರಬೇಕು? ಒಣಗಿದ ಎಲೆ ಬಿಸಿನೀರಲ್ಲಿ ಅರಳಿ, ಕೈಕಾಲು ಚಾಚಿ ಓಡಾಡಬೇಕು, ಅದಕ್ಕೆ. ಕುಳ್ಳಗೆ ಯಾಕೆ? ಶಾಖ ಒಂದೇ ಸಮ ಸುತ್ತಬೇಕು, ಅದಕ್ಕೆ. ಮೂತಿ ಹೊಟ್ಟೆಯಿಂದಲೇ ಹೊರಡಬೇಕು. ಆದರೆ ಅದರ ತುದಿ ಪಾಟಿನ ಬಾಯಿಗಿಂತ ತಗ್ಗಬಾರದು, ತಗ್ಗಿದರೆ ಪಾಟು ತುಂಬುವ ಮೊದಲೇ ಮೂತಿಯಿಂದ ಸುರಿದು ಹೋಗುತ್ತದೆ. ಮೂತಿ ಕೂಡುವ ಕಡೆ ಒಳಗೋಡೆಗೆ ಜರಡಿಯ ಹಾಗೆ ಕಣ್ಣು ಕೊರೆಯಬೇಕು, ಎಲೆಗಳು ಒಳಗೇ ನಿಂತು ಟೀ ಮಾತ್ರ ಹೊರಗೆ ಬರಬೇಕು. ಮುಚ್ಚಳಕ್ಕೊಂದು ಉಸಿರುಗಂಡಿ, ಅದಿಲ್ಲದಿದ್ದರೆ ಪಾಟು ಬಿಕ್ಕುತ್ತದೆ.

ಇಷ್ಟೆಲ್ಲ ತಿಳಿದವನಿಗೆ ಕಾಫಿಪಾಟಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಅದು ಉದ್ದಕ್ಕಿರುತ್ತದೆ. ಕಾರ್ಖಾನೆಯ ಆಫೀಸಿನಲ್ಲಿ ಗಾಜಿನ ಬೀರುವಿನೊಳಗೆ ಹಳೇ ಕಾಲದ್ದೊಂದು ಕಾಫಿಪಾಟಿತ್ತು. ಸಪೂರ ಮೈ, ಕೊಕ್ಕರೆಯ ಕತ್ತಿನಂಥ ಮೂತಿ. ಮೇಸ್ತ್ರಿ ಗಾಜಿಗೆ ಮೂಗು ಒತ್ತಿ ಅದನ್ನು ನೋಡಿದ. ಬೀರುವಿನ ಬೀಗದ ಕೈ ಗುಮಾಸ್ತೆಯ ಮೇಜಿನ ಮೇಲೆಯೇ ಇತ್ತು. "ತೆಗೆದು ಕೊಡಲಾ ಮೇಸ್ತ್ರೀ?" ಎಂದು ಆಕೆ ಕೇಳಿದಳು ಕೂಡ.

"ಬೇಡಮ್ಮ, ನೋಡಿದ್ರೆ ಗೊತ್ತಾಗುತ್ತೆ," ಎಂದ ಮೇಸ್ತ್ರಿ.

ಅವನಿಗೆ ಗೊತ್ತಾದದ್ದು ಇಷ್ಟು: ಕಾಫಿ ಕುಡಿಯುವವರು ಸ್ವಲ್ಪ ಜಂಬದವರು, ಅದಕ್ಕೇ ಅವರ ಪಾಟೂ ಕತ್ತೆತ್ತಿಕೊಂಡು ನಿಂತಿದೆ. ಮೂತಿ ಒಂದಿಷ್ಟು ಮೇಲೆ ಇದೆಯಲ್ಲ? ಅದು ಶೋಕಿ. ಅವನು ಹುಟ್ಟಿದ ಮೇಲೆ ಕಾಫಿ ಕುಡಿದವನಲ್ಲ. ಹೆಂಡತಿ ದಿನವೂ ಕುಡಿಯುತ್ತಿದ್ದಳು, ನಿಜ. ಆದರೆ ಸುಟ್ಟ ವಾಸನೆ ಎಂದು ಅವನು ಆಗ ಅಡುಗೆಮನೆ ಕಡೆ ತಲೆ ಹಾಕುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ. ಆರ್ಡರಿನ ಮಾಲು ಜೋಡಿಸಿದ ಮೇಲೆ ಮೂಲೆಯಲ್ಲಿ ಜಾಗ ಉಳಿದರೆ ಕೆಲಸದವರು ತಮ್ಮದೂ ಒಂದೆರಡು ಇಟ್ಟುಕೊಳ್ಳಬಹುದು ಎಂಬುದು ಅಲ್ಲಿಯ ರೂಢಿ.

"ಭಾವ, ಅಂಗಡಿ ತೆರೆಯೋ ದಿನಕ್ಕೆ ಮುಂಚೆ ನಿಮಗೆ ಎರಡೇ ಸಲ ಭಟ್ಟಿ ಸಿಗುತ್ತೆ," ಎಂದ ಭಾವಮೈದ. "ಆಮೇಲೆ ಹೊರದೇಶದ ದೊಡ್ಡ ಆರ್ಡರು. ಭಟ್ಟಿಲಿ ಇರುವೆ ನುಸುಳೋಕೂ ಜಾಗ ಇರಲ್ಲ. ಬೇಸಿಗೆ ಮುಗಿಯೋವರೆಗೆ ನನ್ನ ಮುಂದೆ ಬಂದು ಹಲ್ಲು ಕಿರೀಬೇಡಿ."

"ಎರಡೇಕೋ? ನನಗೆ ಒಂದು ಸಾಕು."

"ಎರಡೂ ಬೇಕಾಗುತ್ತೆ ಭಾವ. ಒಂದು ಮಾಡೋಕೆ, ಇನ್ನೊಂದು ಮಾಡಿದ್ದನ್ನ ಮುಚ್ಚಿಡೋಕೆ."

ಮೇಸ್ತ್ರಿ ಮೊದಲನೇ ಭಟ್ಟಿಗೆ ಟೀಪಾಟು, ಕಾಫಿಪಾಟು ಎರಡನ್ನೂ ಮಾಡಿದ. ಹಗಲೆಲ್ಲ ಕಾರ್ಖಾನೆಯ ಕೆಲಸ, ಊಟದ ಬಿಡುವಿನಲ್ಲಿ ಮಗಳ ಕೆಲಸ. ಮೂತಿಗಳನ್ನು ತಿಗರಿಯ ಮೇಲೆ ಕೈಯಿಂದಲೇ ಎಳೆದ. ಅದರಲ್ಲೊಂದು ಸೂಕ್ಷ್ಮ ಇದೆ. ತಿರುಗುವ ಚಕ್ರದ ಮೇಲೆ ಎಳೆದ ಮೂತಿ ಆ ತಿರುವನ್ನು ಮರೆಯುವುದಿಲ್ಲ. ಭಟ್ಟಿಯ ಬೆಂಕಿ ತಾಗಿದಾಗ ಹಗ್ಗ ಬಿಚ್ಚಿಕೊಂಡ ಹಾಗೆ ಕೊಂಚ ಹಿಂದಕ್ಕೆ ತಿರುಗುತ್ತದೆ. ಹಸಿಯಿರುವಾಗ ತುದಿಯನ್ನು ನೆಟ್ಟಗೆ ಕತ್ತರಿಸಿದರೆ ಬೆಂದ ಮೇಲೆ ಸೊಟ್ಟ. ಅದಕ್ಕೇ ಕತ್ತರಿಸುವಾಗಲೇ ಬೇಕೆಂದು ಚೂರು ಬಲಕ್ಕೆ ಸೊಟ್ಟ ಮಾಡಬೇಕು. ಬೆಂಕಿ ಅದನ್ನು ನೆಟ್ಟಗೆ ಮಾಡುತ್ತದೆ. ಮೇಸ್ತ್ರಿ ಈ ಸೊಟ್ಟ ಕತ್ತರಿಕೆಯನ್ನು ಯೋಚಿಸಿ ಮಾಡುತ್ತಿರಲಿಲ್ಲ. ಕೈ ತಾನೇ ಮಾಡುತ್ತಿತ್ತು. ತಲೆಗಿಂತ ನನ್ನ ಕೈಗೆ ಬುದ್ಧಿ ಜಾಸ್ತಿ ಎಂದು ಅವನೇ ಹೆಮ್ಮೆಯಿಂದ ಹೇಳುತ್ತಿದ್ದ, ಇದರಲ್ಲಿ ತಲೆಗಾಗುವ ಅವಮಾನ ಗಮನಕ್ಕೆ ಬಾರದೆ.

ಭಟ್ಟಿ ತೆಗೆದಾಗ ಪಾಟುಗಳು ಒಂದಕ್ಕಿಂತ ಒಂದು ಚೆಂದ. ಕುಳ್ಳನೆಯ ಟೀಪಾಟುಗಳು ಉಂಡು ಕುಳಿತವರಂತೆ, ಉದ್ದನೆಯ ಕಾಫಿಪಾಟುಗಳು ಅವರಿಗೆ ಬಡಿಸಲು ನಿಂತವರಂತೆ. ಪಿಂಗಾಣಿಯವರು ಪಾಟನ್ನು ಪರೀಕ್ಷಿಸುವುದು ನೀರಿನಿಂದ. ಮೇಸ್ತ್ರಿ ಒಂದೊಂದಕ್ಕೂ ನೀರು ತುಂಬಿ ಬಗ್ಗಿಸಿದ. ಎಲ್ಲದರಿಂದಲೂ ಧಾರೆ ಬಿಲ್ಲಿನಂತೆ ಬಾಗಿ ಬಿತ್ತು. ಮೇಲೆತ್ತಿದೊಡನೆ ಕತ್ತರಿಸಿದಂತೆ ನಿಂತಿತು. ತುದಿಯಲ್ಲಿ ಒಂದು ಹನಿ ಇಲ್ಲ.

"ಹೇಗೆ?" ಎಂದ ಮೇಸ್ತ್ರಿ.

"ನೀರಿಗೆ ಚೆನ್ನಾಗಿದೆ," ಎಂದ ಭಾವಮೈದ. "ಅಂಗಡೀಲಿ ನೀರು ಮಾರ್ತಾಳಾ?"

ಆ ಭಾನುವಾರ ಮಗಳ ಅಂಗಡಿಯಲ್ಲಿ ಮನೆಯವರ ಪೂರ್ತಿ ಪರೀಕ್ಷೆ. ಗೋಡೆಗೆ ಆಗಷ್ಟೇ ಬಳಿದ ಬಣ್ಣದ ವಾಸನೆ. ಮೇಜು ಕುರ್ಚಿಗಳ ಕಾಲಿಗೆ ಇನ್ನೂ ಸುತ್ತಿದ ಕಾಗದ. ಬಾಗಿಲಿನಿಂದ ನೋಡಿದರೆ ರಸ್ತೆಯಾಚೆ ಡಿಪೋದ ಗೇಟು, ಅದರ ಮುಂದೆ ಡ್ಯೂಟಿ ಬದಲಾಯಿಸುವ ಡ್ರೈವರುಗಳ ಗುಂಪು. ಮೇಸ್ತ್ರಿ ಮದುವೆಮನೆಗೆ ಹೊರಟವನ ಹಾಗೆ ಬಿಳಿ ಶರಟು ಹಾಕಿಕೊಂಡು ಬಂದಿದ್ದ. ಇದು ಅವನು ಮಾಡಿದ ಎರಡನೇ ದೊಡ್ಡ ತಪ್ಪು. ಮೊದಲನೆಯದು ಕಾಫಿಪಾಟಿನೊಳಗೇ ಇತ್ತು.

ಟೀ ಸಲೀಸಾಗಿ ಬಂತು. ಮಗಳು ಬಗ್ಗಿಸಿದಳು, ಎಲ್ಲರೂ ಕುಡಿದರು, ಮೇಸ್ತ್ರಿ ಹೊಟ್ಟೆ, ಕಣ್ಣು, ಉಸಿರುಗಂಡಿಗಳ ಬಗ್ಗೆ ಭಾಷಣ ಮಾಡಿದ. ಆಮೇಲೆ ಕಾಫಿ. ಹೆಂಡತಿ ಪುಡಿಯನ್ನು ಪಾಟಿಗೆ ಹಾಕಿ, ಕುದಿನೀರು ಹೊಯ್ದು, ಮುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟಳು. ಬಳಿಕ ಎತ್ತಿ ಬಗ್ಗಿಸಿದಳು.

ಏನೂ ಬರಲಿಲ್ಲ.

ಇನ್ನಷ್ಟು ಬಗ್ಗಿಸಿದಳು. ಮೂತಿ ಒಂದು ಸಲ ಗೊಳ್ ಎಂದು ಸುಮ್ಮನಾಯಿತು.

"ಕೊಡಿಲ್ಲಿ, ನಿಮಗೆ ಹಿಡಿಯೋಕೆ ಬರಲ್ಲ," ಎಂದು ಮೇಸ್ತ್ರಿ ಪಾಟು ಕಸಿದುಕೊಂಡ. ಹೆಂಡತಿಯನ್ನು ಅವನು ಬಹುವಚನದಲ್ಲಿ ಕರೆಯುವುದು ಅವಳು ತಪ್ಪು ಮಾಡಿದ್ದಾಳೆಂದು ಖಾತ್ರಿಯಾದಾಗ ಮಾತ್ರ. ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ, ಮೂತಿಯನ್ನು ನೆಲದ ಕಡೆ ಮಾಡಿ, ಒಮ್ಮೆ ಜೋರಾಗಿ ಕೊಡವಿದ. ಮೂತಿಯಿಂದ ಬರಲಾರದ ಕಾಫಿ ಬೇರೆ ದಾರಿ ಹುಡುಕಿಕೊಂಡಿತು. ಹೆಬ್ಬೆರಳು ಜಾರಿ ಮುಚ್ಚಳ ಹಾರಿತು. ಕಪ್ಪು ಕೆಸರು ಬಿಳಿ ಶರಟಿನ ಎದೆಯಿಂದ ಹೊಟ್ಟೆಯವರೆಗೆ ಇಳಿಯಿತು.



"ಸುಟ್ಟಿತೇನ್ರೀ?" ಹೆಂಡತಿ ಬಟ್ಟೆ ಹಿಡಿದು ಓಡಿ ಬಂದಳು.

"ಇಲ್ಲ, ಬನಿಯನ್ ಇದೆ."

ಸುಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಭಾವಮೈದ ಕುರ್ಚಿಯಿಂದ ಜಾರುವಷ್ಟು ನಕ್ಕ. "ಭಾವ! ಒಟ್ಟಿನಲ್ಲಿ ನೀವೂ ಒಂದು ಸಲ ಕಾಫಿ ತಗೊಂಡ ಹಾಗಾಯ್ತು!"

ಹೆಂಡತಿ ಪಾಟಿನ ಒಳಗೆ ಬೆರಳು ಹಾಕಿ ನೋಡಿದಳು. "ಅಯ್ಯೋ, ಇದೇನ್ರೀ ಇಲ್ಲಿ ತೂತು? ತಳದ ಹತ್ತಿರವೇ ಜರಡಿ ಮಾಡಿದ್ದೀರಲ್ಲ! ಚರಟ ಎಲ್ಲ ಇದಕ್ಕೇ ಮೆತ್ತಿಕೊಂಡಿದೆ. ಬಚ್ಚಲು ಕಟ್ಟಿಕೊಂಡ ಹಾಗೆ."

"ಟೀಗೂ ಹಾಗೇ ಅಲ್ವೇನೆ ಮಾಡೋದು?"

"ಟೀ ಎಲೆ ಎಷ್ಟು ದೊಡ್ಡದು, ಕಾಫಿ ಪುಡಿ ಎಷ್ಟು ಸಣ್ಣದು? ಇದು ಮುಳುಗಿ ತಳದಲ್ಲಿ ಕೂತ್ಕೊಳ್ಳುತ್ತೆ. ಅದನ್ನ ಅಲ್ಲೇ ಕೂರೋಕೆ ಬಿಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸ್ಕೋಬೇಕು. ಅದಕ್ಕೇ ಪಾಟು ಉದ್ದ, ಅದಕ್ಕೇ ಮೂತಿ ಮೇಲೆ. ದಿನಾ ನಿಮ್ಮ ಮೂಗಿನ ಕೆಳಗೇ ಮಾಡ್ತೀನಲ್ಲ, ಒಂದು ದಿನ ನೋಡಿದ್ದೀರಾ?"

ಮೇಸ್ತ್ರಿ ಶರಟಿನ ಮೇಲಿದ್ದ ಚರಟವನ್ನೇ ನೋಡಿದ. ಗಾಜಿನ ಬೀರುವಿನೊಳಗಿನ ಮೂತಿ ಕಣ್ಣಮುಂದೆ ಬಂತು. ಅದು ಶೋಕಿಯಾಗಿರಲಿಲ್ಲ. ಆ ಪಾಟಿನ ಮುಚ್ಚಳ ತೆಗೆದು ಒಳಗೆ ಇಣುಕಿದ್ದರೆ ಜರಡಿಯೇ ಇಲ್ಲದ, ಒಂದೇ ಒಂದು ದೊಡ್ಡ ತೂತು ಮೇಲುಗಡೆ ಕಾಣುತ್ತಿತ್ತು. ಬೀಗದ ಕೈ ಮೇಜಿನ ಮೇಲೆಯೇ ಇತ್ತು. ಜಗತ್ತಿನಲ್ಲಿ ಟೀಪಾಟು ಮಾಡಿ ಮಾಡಿ ತಾನೇ ಒಂದು ಟೀಪಾಟಾದ ಮನುಷ್ಯ ಇದ್ದರೆ ಅದು ತಾನೇ ಎಂದುಕೊಂಡ: ಹೊಟ್ಟೆ ದುಂಡಗೆ, ಮೂತಿ ಮುಂದೆ, ತಲೆ ತೆಗೆದಿಡಬಹುದು.

ಮಗಳು ಮಾತ್ರ ನಗಲಿಲ್ಲ. ನೆಲ ಒರೆಸಿ ಎದ್ದು, "ಇನ್ನೊಂದು ಭಟ್ಟಿ ಇದೆಯಲ್ಲಪ್ಪ," ಎಂದಳು.

"ಇದೆ."

"ಮತ್ತೇನು?"

ಅವಳು ಹಾಗೆ ನಿರಾಳವಾಗಿ ಹೇಳಿದ್ದೇ ಅವನಿಗೆ ಹೆಚ್ಚು ಭಾರವಾಯಿತು. ಬೈದಿದ್ದರೆ ತಿರುಗಿ ಬಾಯಿ ಮಾಡಬಹುದಿತ್ತು.

ಮರುದಿನ ಮೇಸ್ತ್ರಿ ನೇರ ಆಫೀಸಿಗೆ ಹೋಗಿ ಬೀರು ತೆಗೆಸಿದ. ಕಾಫಿಪಾಟನ್ನು ಮಗುವಿನ ಹಾಗೆ ಎತ್ತಿಕೊಂಡು, ಒಳಗೆ ಇಣುಕಿ, ಬೆರಳಾಡಿಸಿ, ಮೂತಿ ಎಲ್ಲಿಂದ ಹೊರಡುತ್ತದೆ ಎಂದು ಗುರುತು ಮಾಡಿಕೊಂಡ. ಮೈ ಮೇಲಕ್ಕೆ ಹೋದಂತೆ ಸಪೂರ ಯಾಕೆ ಎಂದೂ ಈಗ ಹೊಳೆಯಿತು: ಬಾಯಿ ಚಿಕ್ಕದಾದಷ್ಟು ಬಿಸಿ ಬೇಗ ಆರುವುದಿಲ್ಲ. "ಅವತ್ತೇ ಕೊಡಲಾ ಅಂದೆ," ಎಂದಳು ಗುಮಾಸ್ತೆ. "ಅವತ್ತು ನಾನು ಜಾಣನಾಗಿದ್ದೆನಮ್ಮ," ಎಂದ ಮೇಸ್ತ್ರಿ.

ಆದರೆ ಎರಡನೇ ಭಟ್ಟಿ ಹತ್ತಿರ ಬಂದಿತ್ತು. ಮೈಗಳನ್ನು ಎಳೆಯುವುದಕ್ಕೇ ಸಮಯ ಸಾಲದು. ಅಷ್ಟುದ್ದದ ಮೂತಿಗಳನ್ನು ಕೈಯಿಂದ ಎಳೆಯುವ ಮಾತು ದೂರವೇ. ಕಾರ್ಖಾನೆಯ ಹೊಸ ವಿಭಾಗದಲ್ಲಿ ನೀರಿನ ಹೂಜಿಗಳಿಗೆ ಮೂತಿಯನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ಒಂದರ ಹಾಗೆ ಇನ್ನೊಂದು. ಮೇಸ್ತ್ರಿ ಇಷ್ಟು ದಿನ ಅವನ್ನು "ಹಲ್ಲುಸೆಟ್ಟು" ಎಂದು ಹಂಗಿಸುತ್ತಿದ್ದವನು ಈಗ ಬುಟ್ಟಿ ಹಿಡಿದು ಅಲ್ಲಿಗೇ ಹೋಗಿ, ಹಸಿ ಮೂತಿಗಳನ್ನು ಬೇಡಿ ತಂದ. ಮೈಯ ಮೇಲುಭಾಗದಲ್ಲಿ ದೊಡ್ಡ ತೂತು ಕೊರೆದ. ಮಣ್ಣಿನ ಗಂಜಿ ಹಚ್ಚಿ ಮೂತಿ ಅಂಟಿಸಿದ. ತಂತಿ ತೆಗೆದುಕೊಂಡು ತುದಿಗಳನ್ನು ಕತ್ತರಿಸಿದ. ಕೈ ಸರಸರ ಓಡಿತು. ತಲೆಗಿಂತ ಬುದ್ಧಿವಂತ ಕೈ.

ಭಟ್ಟಿ ತಣಿದ ದಿನ ಭಾವಮೈದ ಬಾಗಿಲು ತೆಗೆದು ಒಳಗೆ ನೋಡಿದವನು ತಲೆಯನ್ನು ಒಂದು ಕಡೆಗೆ ವಾಲಿಸಿದ. ಅವನು ತಮಾಷೆ ಮಾಡದಿರುವುದು ಅಪಶಕುನ.

"ಒಡೆದಿವೆಯಾ?" ಎಂದ ಮೇಸ್ತ್ರಿ.

"ಒಂದೂ ಒಡೆದಿಲ್ಲ ಭಾವ. ಎಲ್ಲಾ ಚೆನ್ನಾಗಿವೆ. ಅದೇನೋ... ಎಲ್ಲಾ ಆ ಕಡೆ ನೋಡ್ತಾ ಇವೆ."

ಸಾಲಾಗಿ ನಿಂತ ಕಾಫಿಪಾಟುಗಳೆಲ್ಲ ಬಲಗಡೆಗೆ ತುಟಿ ಸೊಟ್ಟ ಮಾಡಿಕೊಂಡಿದ್ದವು. ನೆಂಟರಲ್ಲಿ ಯಾರೋ ಏನೋ ಅಂದಿದ್ದಕ್ಕೆ ಒಟ್ಟಿಗೆ ಮುನಿಸಿಕೊಂಡವರ ಹಾಗೆ.

ಮೇಸ್ತ್ರಿಗೆ ನೋಡಿದೊಡನೆ ತಿಳಿಯಿತು. ಅಚ್ಚಿನಲ್ಲಿ ಹೊಯ್ದ ಮೂತಿ ಚಕ್ರವನ್ನೇ ಕಂಡದ್ದಲ್ಲ. ತಿರುವೇ ಇಲ್ಲದ ಮೇಲೆ ಬೆಂಕಿಯಲ್ಲಿ ಬಿಚ್ಚಿಕೊಳ್ಳುವುದೇನು? ನೆಟ್ಟಗೆ ಕತ್ತರಿಸಿದ್ದರೆ ನೆಟ್ಟಗೇ ಇರುತ್ತಿತ್ತು. ಅವನ ಕೈ ಹಳೇ ಅಭ್ಯಾಸದಂತೆ ಪ್ರತಿಯೊಂದನ್ನೂ ಚೂರು ಬಲಕ್ಕೆ ಸೊಟ್ಟ ಕತ್ತರಿಸಿತ್ತು. ಬೆಂಕಿ ಅದನ್ನು ಹಾಗೇ ಕಲ್ಲು ಮಾಡಿತ್ತು. ಹೊಸಬನಾಗಿದ್ದರೆ ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಇದಕ್ಕೆ ಜೀವಮಾನದ ಅನುಭವ ಬೇಕು.

ಭಾವಮೈದ ಒಂದಕ್ಕೆ ಕಾಫಿ ಮಾಡಿ ತಂದು ಬಗ್ಗಿಸಿದ. ಈ ಸಲ ನೀರಿನಲ್ಲಿ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕಾಫಿ ತಿಳಿಯಾಗಿ, ಚರಟದ ಸುಳಿವಿಲ್ಲದೆ, ಒಳ್ಳೆಯ ಧಾರೆಯಾಗಿ ಬಂತು. ಬಂದು ಕಪ್ಪಿನ ಪಕ್ಕದಲ್ಲಿ ಬಿತ್ತು.

"ಕಪ್ಪನ್ನ ಆಚೆ ಟೇಬಲ್ಲಿಗೆ ಇಟ್ಟರೆ ಸರಿಹೋಗುತ್ತೆ ಭಾವ," ಎಂದ ಅವನು. ಆದರೆ ಧ್ವನಿಯಲ್ಲಿ ಮೊದಲಿನ ಮೊನಚಿರಲಿಲ್ಲ. ಕಪ್ಪನ್ನು ಪಕ್ಕಕ್ಕೆ ಸರಿಸಿ, "ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರೆ. ನಿಮಗೆ ದೊಣ್ಣೆಯೂ ಬೇಡ," ಎಂದ.

ಅಂಗಡಿ ತೆರೆಯುವುದು ನಾಡಿದ್ದು. ಮೇಸ್ತ್ರಿ ಒಂದು ಸೊಟ್ಟಮೂತಿಯ ಪಾಟನ್ನು ಕಾಗದದಲ್ಲಿ ಸುತ್ತಿ ಮಗಳ ಬಳಿಗೆ ಒಯ್ದ. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡ: ಮಣ್ಣು ಸರಿಯಿರಲಿಲ್ಲ, ಬೆಂಕಿ ಸರಿಯಿರಲಿಲ್ಲ, ಭಾವಮೈದನ ದೃಷ್ಟಿ ಸರಿಯಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಮಗಳ ಮುಂದೆ ನಿಂತಾಗ ಬಾಯಿಂದ ಬಂದದ್ದು, "ಕೆಡಿಸಿದೆ ಕಣೇ," ಎಂಬುದೊಂದೇ.

ಅವಳು ಪಾಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ತುಟಿಯ ಅಂಚು ನಡುಗಿತು. ಅದು ನಗುವಾಗುತ್ತದೋ ಇನ್ನೇನಾಗುತ್ತದೋ ಅವನಿಗೆ ತಿಳಿಯಲಿಲ್ಲ. ನಗುವೇ ಆಯಿತು, ಸಣ್ಣದು.

"ಇದನ್ನ ಟೇಬಲ್ಲಿಗಿಟ್ರೆ ಮೊದಲನೇ ದಿನವೇ ಡ್ರೈವರುಗಳ ತೊಡೆ ಸುಡುತ್ತೆ."

"ಸುಡುತ್ತೆ."

"ಇನ್ನೊಂದು ಭಟ್ಟಿ?"

"ಬೇಸಿಗೆ ಮುಗಿದ ಮೇಲೆ."

ಮಗಳು ಪಾಟನ್ನು ಕಪಾಟಿನ ಮೇಲಿಟ್ಟಳು. "ಆಯ್ತು ಬಿಡು. ಕಾಫಿ ಬೇಡ. ಬರೀ ಟೀ ಮಾರ್ತೀನಿ. ಬೋರ್ಡಿನವನಿಗೆ 'ಕಾಫಿ' ಅಳಿಸು ಅಂತ ಹೇಳ್ತೀನಿ. ನಿನ್ನ ಕಾಫಿಪಾಟು ಬಂದಾಗ ಬರ್ಕೊಂಡ್ರಾಯ್ತು."

"ಬೇರೆ ಕಡೆ ತಂದ್ರೆ..."

"ಬೇರೆಯವರದ್ದು ಹೊಸ್ತಿಲು ದಾಟಬಾರದು ಅಂದೋನು ನೀನೇ. ಮಾತು ಅಂದ್ರೆ ಮಾತು."

ಆಗ ಮೇಸ್ತ್ರಿಗೆ ಆದದ್ದು ದುಃಖವಲ್ಲ. ಹೇಳಲು ನಾಚಿಕೆ, ಅವನಿಗೆ ಆದದ್ದು ಆನಂದ. ಮಾತು ಉಳಿಯಿತು! ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವನ ಮೀಸೆಯೋ ಕೆಲಸಕ್ಕೆ ಸೇರಿದಾಗಿನಿಂದ ಮಣ್ಣೇ, ಆ ಮಾತು ಬೇರೆ. ಅವನು ಏಣಿ ಹತ್ತಿ, ಟೀಪಾಟುಗಳಿಗೆ ಹಲಗೆ ಹೊಡೆಯುತ್ತ ಸಿಳ್ಳೆ ಹಾಕಿದ. ಸಂಜೆ ಹೆಂಡತಿಗೆ ಹೇಗೆ ಹೇಳುವುದೆಂದೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ: ಟೀ ಅಂಗಡಿ ಅಂದ್ರೆ ಟೀ ಅಂಗಡಿ, ಕಾಫಿಯವರ ಜಂಬ ನಮಗೇಕೆ?

ಅವನು ಏಣಿಯ ಮೇಲಿದ್ದಾಗಲೇ ಡಿಪೋದಿಂದ ಒಬ್ಬ ಡ್ರೈವರು, ಹಿಂದೆಯೇ ಒಬ್ಬಳು ಕಂಡಕ್ಟರು ರಸ್ತೆ ದಾಟಿ ಬಂದು ಒಳಗೆ ಇಣುಕಿದರು.

"ನಾಡಿದ್ದು ತೆಗೀತೀಯಂತೆ ತಂಗಿ? ಬೆಳಿಗ್ಗೆ ಎಷ್ಟು ಹೊತ್ತಿಗೆ?" ಎಂದಳು ಕಂಡಕ್ಟರು.

"ನಿಮ್ಮ ಮೊದಲನೇ ಬಸ್ಸಿಗಿಂತ ಮುಂಚೆ ಅಕ್ಕ."

"ಬದುಕಿಸಿದೆ ನೋಡು! ಆ ಹೊತ್ತಲ್ಲಿ ಒಂದು ಗಟ್ಟಿ ಕಾಫಿ ಬೀಳದಿದ್ರೆ ಇವನಿಗೆ ರಸ್ತೆಯೇ ಕಾಣಲ್ಲ. ಡಿಪೋ ಪೂರ್ತಿ ನಿನ್ನ ದಾರೀನೇ ಕಾಯ್ತಾ ಇದೆ."

"ಕಾಫಿ ಸದ್ಯಕ್ಕಿಲ್ಲ ಅಕ್ಕ. ಟೀ ಇದೆ, ತುಂಬಾ ಚೆನ್ನಾಗಿರುತ್ತೆ."

"ಓ." ಕಂಡಕ್ಟರು ಡ್ರೈವರನ ಮುಖ ನೋಡಿದಳು. "ಕಾಫಿ ಇಲ್ವಂತೆ."

"ಹಾಗಾದ್ರೆ ಆ ಮೂಲೆ ಅಂಗಡಿಗೇ ಹೋಗ್ಬೇಕು," ಎಂದ ಅವನು, ಬೇಸರವೇನೂ ಇಲ್ಲದೆ, ಬಸ್ಸಿನ ಬೋರ್ಡು ಓದಿದ ಹಾಗೆ.

ಇಬ್ಬರೂ ಹೋದರು. ಮಗಳು ನಗುತ್ತಲೇ ಅವರನ್ನು ಕಳಿಸಿದಳು. ಅವರು ರಸ್ತೆ ದಾಟಿದ ಮೇಲೆ ಆ ನಗುವನ್ನು ಮುಖದಿಂದ ಇಳಿಸಿ, ಆಗಲೇ ಒರೆಸಿದ್ದ ಮೇಜನ್ನು ಮತ್ತೊಮ್ಮೆ ಒರೆಸಿದಳು. ಅದೇ ಜಾಗವನ್ನು ಇನ್ನೊಮ್ಮೆ. ಏಣಿಯ ಮೇಲೆ ಅಪ್ಪನಿದ್ದಾನೆ ಎಂಬುದು ಅವಳಿಗೆ ಮರೆತೇಹೋದಂತಿತ್ತು.

ಮೇಸ್ತ್ರಿಯ ಸಿಳ್ಳೆ ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ. ಎದುರಿಗಿರುವ ಡಿಪೋ ಪೂರ್ತಿ ಕಾಫಿಯದು. ಬೇಸಿಗೆ ಮುಗಿಯುವವರೆಗೆ ಅವರೆಲ್ಲ ಮೂಲೆಯಂಗಡಿಗೆ ಹೋಗಿ ಹೋಗಿ ಕಾಲಿಗೆ ಅದೇ ದಾರಿ ರೂಢಿಯಾದರೆ, ಆಮೇಲೆ ಕಾಫಿಪಾಟು ಬಂದು ಮಾಡುವುದೇನು? ರೂಢಿ ಬಿದ್ದ ಕೈಕಾಲು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಕಾಪಾಡುತ್ತಿದ್ದದ್ದು ಅಂಗಡಿಯನ್ನಲ್ಲ, ಅಪ್ಪನ ಮಾತನ್ನು. ಅವನೋ ಅದಕ್ಕೆ ಸಿಳ್ಳೆ ಹಾಕುತ್ತಿದ್ದ.

ಅವನು ಏಣಿ ಇಳಿದು, "ಮೊಳೆ ತರ್ತೀನಿ," ಎಂದು ಹೊರಟ.

ಪಾತ್ರೆ ಅಂಗಡಿಯವನು ಸ್ಟೀಲಿನ ಕಾಫಿಪಾಟುಗಳನ್ನು ಸಾಲಾಗಿ ಇಟ್ಟ. ಉದ್ದ ಮೈ, ಎತ್ತರದಲ್ಲಿ ಮೂತಿ. ಮೇಸ್ತ್ರಿ ಮುಚ್ಚಳ ತೆಗೆದು ಒಳಗೆ ಇಣುಕಿದ. ಜರಡಿ ಇಲ್ಲ. ಮೂತಿಯನ್ನು ಮೂಗಿನ ನೇರಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ನೀರು ತರಿಸಿ ಬಗ್ಗಿಸಿದ. ಒಂದು ತಪ್ಪಾದರೂ ಸಿಗಲಿ ಎಂಬ ಆಸೆ ಅವನಿಗೆ.

"ಏನು ಯಜಮಾನ್ರೇ, ಹೆಣ್ಣು ನೋಡೋಕೆ ಬಂದ ಹಾಗೆ ನೋಡ್ತಿದ್ದೀರಿ?" ಎಂದ ಅಂಗಡಿಯವನು. ಆಮೇಲೆ ಅವನ ದೃಷ್ಟಿ ಮೇಸ್ತ್ರಿಯ ಜೇಬಿನ ಮೇಲೆ ಹೊಲಿದಿದ್ದ ಕಾರ್ಖಾನೆಯ ಹೆಸರಿಗೆ ಬಿತ್ತು. "ಅರೆ, ನೀವು ಪಿಂಗಾಣಿ ಕಾರ್ಖಾನೆಯವರಲ್ವಾ? ಸ್ಟೀಲು ಕೊಳ್ತಾ ಇದ್ದೀರಾ?"

"ನನಗಲ್ಲ. ಒಬ್ಬ ಪರಿಚಯದವನಿಗೆ. ಅವನಿಗೆ ಕಾಫಿಪಾಟು ಮಾಡೋಕೆ ಬರಲ್ಲ."

"ಬರದಿದ್ರೇನು, ನಾವಿದ್ದೀವಲ್ಲ."

ಒಂದರಿಂದಲೂ ಒಂದು ಹನಿ ಸೋರಲಿಲ್ಲ. ಮೇಸ್ತ್ರಿಗೆ ಅದನ್ನು ಸಹಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಅಂಗಡಿ ತೆರೆಯುವ ದಿನ ಬೆಳಿಗ್ಗೆ ಅವನು ಪಾಟುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ಬಂದ. ಹೆಂಡತಿ ಒಳಗೆ ಕಪ್ಪುಗಳನ್ನು ಜೋಡಿಸುತ್ತಿದ್ದಳು, ಭಾವಮೈದ ಕುರ್ಚಿ ಸರಿಸುತ್ತಿದ್ದ. ಮಗಳು ಬಾಗಿಲಲ್ಲೇ ನಿಂತಿದ್ದಳು. ಪೆಟ್ಟಿಗೆಯ ಬಾಯಿಂದ ಇಣುಕುತ್ತಿದ್ದ ಸ್ಟೀಲಿನ ಮೂತಿಗಳನ್ನು ಕಂಡವಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡವಾದಳು.

"ಅಪ್ಪಾ, ಅದನ್ನ ಹೊರಗಿಡು."

"ದಾರಿ ಬಿಡು ಪುಟ್ಟಿ, ಭಾರ ಇದೆ."

"ನೀನು ಮಾಡಿದ್ದಾ ಅದು?"

"ನೋಡಿದ್ರೆ ಗೊತ್ತಾಗಲ್ವಾ? ಮೂತಿ ನೆಟ್ಟಗಿದೆ."

ಅವಳು ನಗುತ್ತಾಳೆಂದುಕೊಂಡಿದ್ದ. ಅವಳ ಕಣ್ಣು ತುಂಬಿತು. "ಎಲ್ಲರ ಹತ್ರವೂ ಹೇಳಿದ್ದೀನಪ್ಪಾ. ಚಿಕ್ಕಂದಿನಿಂದ. ನಾನು ಕಾಯ್ತೀನಿ ಅಂದೆನಲ್ಲ, ಬೇಸಿಗೆ ಮುಗಿಯೋವರೆಗೆ ಕಾಯ್ತೀನಿ."

"ನೀನು ಕಾಯ್ತೀಯ. ಡಿಪೋದವರು ಕಾಯಲ್ಲ."

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟೋನು ನಾನು ತಾನೇ? ಮುರಿಯೋ ಹಕ್ಕೂ ನಂದೇ. ನೀನು ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ದೇ ಹೆಚ್ಚು. ನಿಮ್ಮಮ್ಮನ ಕೈಲಿ ಯಾವುದೂ ಇಷ್ಟು ಬಾಳಿಕೆ ಬಂದಿಲ್ಲ."

ಒಳಗಿನಿಂದ ಹೆಂಡತಿ, "ನನ್ನನ್ಯಾಕೆ ಎಳೀತೀರಿ?" ಎಂದಳು. ಕಪ್ಪುಗಳನ್ನು ಇಡುವ ಸದ್ದು ಮಾತ್ರ ನಿಂತಿತ್ತು. ಆಮೇಲೆ ಮೆಲ್ಲಗೆ, "ಬಿಡೇ ಅವರನ್ನ, ಕೈ ಸೋಲುತ್ತೆ," ಎಂದಳು.

ರಸ್ತೆಯಾಚೆ ಡಿಪೋದ ಗೇಟು ತೆರೆಯಿತು. ಮೊದಲನೇ ಬಸ್ಸಿನ ಎಂಜಿನ್ ಕೆಮ್ಮಿ ಕೆಮ್ಮಿ ಶುರುವಾಯಿತು. ಮಗಳು ಒಮ್ಮೆ ಅತ್ತ ನೋಡಿದಳು, ಒಮ್ಮೆ ಅಪ್ಪನನ್ನು. ಬಳಿಕ ಕೈ ಇಳಿಸಿ ಪಕ್ಕಕ್ಕೆ ಸರಿದಳು.

ಮೇಸ್ತ್ರಿ ಪೆಟ್ಟಿಗೆ ಹೊತ್ತು ಒಳಗೆ ಕಾಲಿಟ್ಟ. ಬೇರೆಯವರು ಮಾಡಿದ ಪಾಟುಗಳು ಮಗಳ ಅಂಗಡಿಯ ಹೊಸ್ತಿಲು ದಾಟಿದವು. ಅವನು ಕೊಟ್ಟ ಮಾತು ಮುರಿಯಿತು.